ಐದೂವರೆ ಗಂಟೆ ಕೂಡಿಸಿ

ರಿಪ್ಪನ್‌ಪೇಟೆಯ ಸೊಸೈಟಿಯಿಂದ ಬಂದ ಸಿಪಿಯು
ಗೋಣಿಚೀಲದಲ್ಲಿತ್ತು, ಬಾಯಿಗೆ ಅರಗಿನ ಮುದ್ರೆ.
ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಕಡಜದ ಮಣ್ಣಿನ ಗೂಡು,
ತಳದಲ್ಲಿ ಒಂದು ಸತ್ತ ಹಲ್ಲಿ.
ಪಂಚನಾಮೆಯಲ್ಲಿ ಇವೆರಡರ ಸುದ್ದಿಯಿಲ್ಲ.

ಡಿಸ್ಕಿನ ನಕಲು ತೆಗೆದು, ಹ್ಯಾಶ್ ಬರೆದುಕೊಂಡು,
ಮೂಲವನ್ನು ಮತ್ತೆ ಬೀರುವಿಗೆ ಸೇರಿಸಿ ಕೂತೆ.
ಮಧ್ಯಾಹ್ನ. ಹೊರಗೆ ಬಿ.ಎಚ್. ರಸ್ತೆಯ ಹಾರನ್ನು.

ದೂರು ಸಣ್ಣದು: ಸಾಲದ ಖಾತೆಯ ಫೈಲು ಕಾಣೆ,
ಅಳಿಸಿದ್ದು ಗುಮಾಸ್ತೆ ಪ್ರಫುಲ್ಲ
ಎನ್ನುತ್ತಾರೆ ಕಾರ್ಯದರ್ಶಿ ಚನ್ನವೀರಪ್ಪನವರು.
ಅವಳ ಹೆಸರಲ್ಲೇ ಲಾಗಿನ್ ಆಗಿದೆ, ನೋಡಿ.
ನೋಡಿದೆ. ಆಗಿದೆ.

ಇನ್ನು ರಿಜಿಸ್ಟ್ರಿ.
ಅದರ ಒಂದೊಂದು ಕಂತೆಗೂ ಇಂಗ್ಲಿಷಿನಲ್ಲಿ ಜೇನುಗೂಡೆಂದೇ ಹೆಸರು.
ನಮ್ಮ ಕಡೆಯವರಾದರೆ ಮೊದಲು ಕೇಳುತ್ತಿದ್ದರು:
ತುಡುವೆಯೋ, ಹೆಜ್ಜೇನೋ?
ಹೆಜ್ಜೇನಾದರೆ ಹೊಗೆ ಹಾಕದೆ ಹತ್ತಿರ ಹೋಗಬೇಡ.

ಒಳಗಿನ ಗಡಿಯಾರ
ಸಾವಿರದ ಆರುನೂರ ಒಂದನೇ ಇಸವಿಯಿಂದ ಎಣಿಸುತ್ತಾ ಬಂದಿದೆ.
ಆಗ ಇಕ್ಕೇರಿಯಲ್ಲಿ ನಾಯಕರು.
ಶ್ಯಾನುಭೋಗರ ಮಡಿಲಲ್ಲಿ ಕರೀ ಕಡತ,
ಹುಣಿಸೆಬೀಜದ ಅಂಟು ಸವರಿದ ಬಟ್ಟೆ, ಬಳಪದ ಲೆಕ್ಕ;
ಒದ್ದೆ ಕೈಯಲ್ಲಿ ಒರೆಸಿದರೆ ಅಳಿಯಿತು, ಮುಗಿಯಿತು.
ಈ ಕಡತ ಹಾಗಲ್ಲ,
ಒರೆಸಿದ ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತದೆ.
ಅದು ಗ್ರೀನಿಚ್ಚಿನ ಹೊತ್ತು.
ಐದೂವರೆ ಗಂಟೆ ಕೂಡಿಸಿದರೆ ರಿಪ್ಪನ್‌ಪೇಟೆ.

ಮಾರ್ಚ್ ಹದಿನೇಳು, ಸಂಜೆ ಏಳು ಐವತ್ತೆರಡು:
ಯಾರೋ ಒಂದು ಪೆನ್‌ಡ್ರೈವ್ ಚುಚ್ಚಿದ್ದಾರೆ.
ಉದ್ದನೆಯ ಸೀರಿಯಲ್ ನಂಬರು. ಇಟ್ಟ ಹೆಸರು 'ಆರತಕ್ಷತೆ',
ಇಂಗ್ಲಿಷ್ ಅಕ್ಷರದಲ್ಲಿ, ಹನ್ನೊಂದು ಮನೆಗೆ ಹನ್ನೊಂದೂ ತುಂಬಿ.

ಹುಂಚದ ಬಸ್ಸು ಆರು ಹತ್ತಕ್ಕೇ ಹೊರಟಿತ್ತು.
ಪ್ರಫುಲ್ಲ ಅದರಲ್ಲಿದ್ದಳೆಂದು ಕಂಡಕ್ಟರು,
ಮೀನಿನ ಬುಟ್ಟಿ ಇಟ್ಟು ಅವಳಿಂದ ಬೈಸಿಕೊಂಡ ಹೆಂಗಸೂ ಹೌದೆಂದಳು.
ಆ ಹೇಳಿಕೆಗಳು ನನ್ನ ಕೆಲಸವಲ್ಲ.
ನನ್ನದು ಗೂಡು ಮಾತ್ರ.

ಗೂಡಲ್ಲಿ ಬೇಡದ್ದೂ ಸಿಗುತ್ತದೆ.
ಯಾವುದನ್ನು ಎಷ್ಟು ಸಲ ತೆರೆದರೆಂಬ ಪಟ್ಟಿ,
ಅಕ್ಷರ ಅಕ್ಷರವೂ ಹದಿಮೂರು ಮನೆ ದಾಟಿ ಅಡಗಿ ಕೂತದ್ದು,
ಮಕ್ಕಳು ಕ ಸೇರಿಸಿ ಗುಟ್ಟು ಮಾತಾಡಿದ ಹಾಗೆ.
ಬಿಡಿಸಿದೆ. ಇಸ್ಪೀಟು ನಾನೂರ ಹನ್ನೆರಡು ಸಲ,
ಕ್ಯಾಲ್ಕುಲೇಟರು ಅದಕ್ಕಿಂತ ಕಮ್ಮಿ.
ಆಮೇಲೆ, ಈಗ ಇಲ್ಲದ ಒಂದು ಫೋಲ್ಡರು:
'ಪಾಪು ಸ್ಕ್ಯಾನಿಂಗ್'.
ಒಳಗಿದ್ದದ್ದು ಹೋಗಿದೆ, ಫೋಲ್ಡರೂ ಹೋಗಿದೆ,
ಕಿಟಕಿಯನ್ನು ಎಷ್ಟಗಲ ತೆರೆದಿಟ್ಟಿದ್ದಳು ಎಂಬುದಷ್ಟೇ ಉಳಿದಿದೆ.
ಕೊನೆಗೆ ತೆರೆದದ್ದು ಹೋದ ಶ್ರಾವಣದಲ್ಲಿ.
ಇದನ್ನು ಯಾರೂ ಕೇಳಿರಲಿಲ್ಲ. ವರದಿಗೆ ಹಾಕಲಿಲ್ಲ.
ಹಲ್ಲಿಯನ್ನೂ ಹಾಕಲಿಲ್ಲ.

ಅದೇ ಸೀರಿಯಲ್ ನಂಬರು
ಚನ್ನವೀರಪ್ಪನವರ ಮನೆಯ ಲ್ಯಾಪ್‌ಟಾಪಿನಲ್ಲೂ ಇತ್ತು,
ಅದೇ ರಾತ್ರಿ, ಒಂಬತ್ತು ದಾಟಿ ನಾಲ್ಕು ನಿಮಿಷ.
ಎಸ್ಸೈ ಮೇಜು ಗುದ್ದಿದರು:
'ಆರತಕ್ಷತೆ ಯಾರ ಮಗಳದ್ದು ಅಂತ ಊರಿಗೇ ಗೊತ್ತು.
ಬರೀರಿ ಮೇಡಂ, ಅವನೇ ಅಂತ!'

ಬರೆಯಲಾಗಲಿಲ್ಲ.
ಪಾಸ್‌ವರ್ಡಿನ ಚೀಟಿ ಮಾನಿಟರಿನ ಬದಿಗೇ ಅಂಟಿತ್ತು,
ಸ್ಥಳದ ಫೋಟೊದಲ್ಲಿ ಕಾಣುತ್ತದೆ;
ಅಟೆಂಡರಿನಿಂದ ಹಿಡಿದು ಗೊಬ್ಬರಕ್ಕೆ ಬಂದವರ ತನಕ
ಯಾರೂ ಓದಬಹುದಿತ್ತು.
ಗೂಡಿಗೆ ಗೊತ್ತಿರುವುದು ಹೆಸರು. ಬೆರಳಲ್ಲ.
ಈ ಖಾತೆಯಿಂದ, ಈ ಹೊತ್ತಿಗೆ, ಈ ಸಾಧನ.
ಅಷ್ಟು ಬರೆದು ಸಹಿ ಹಾಕಿದೆ.
ಎಸ್ಸೈ ಮುಖ ಹುಳ್ಳಗಾಯಿತು.

ಆರಕ್ಕೆ ನನ್ನ ಕಂಪ್ಯೂಟರು ಮುಚ್ಚಬೇಕು. ಕೈ ತಡೆಯಿತು.
ವರದಿ ಎರಡು ಸಲ ತೆರೆದೆ ಇವತ್ತು,
ಆ ಚೀಟಿಯ ಫೋಟೊ ನಾಲ್ಕು ಸಲ,
ಊಟದ ಹೊತ್ತಲ್ಲಿ, ಬಾಗಿಲು ಮುಂದೆ ಮಾಡಿ,
ದುರ್ಗಿಗುಡಿಯ ಒಬ್ಬ ಲೇಡಿ ಡಾಕ್ಟರು ಕಳಿಸಿದ್ದ ನನ್ನದೇ ಫೈಲು,
ಒಂದು ಸಲ.
ತೆರೆದು, ಅಳಿಸಿದೆ.

ಬರೆದುಕೊಂಡಿರುತ್ತದೆ, ಗೊತ್ತು.
ಎಂದಾದರೂ ಓದುವವರು
ಐದೂವರೆ ಗಂಟೆ ಕೂಡಿಸಿಕೊಳ್ಳಲಿ.